ಮುಕ್ಕಾಲಿನೊಳಗೆ ಎಷ್ಟು ಅರ್ಧ

ಒಂದು ಕರಿಹಲಗೆಯನ್ನು ಶನಿವಾರ ಒರೆಸಬೇಕಾಗಿತ್ತೋ ಸೋಮವಾರ ಒರೆಸಬೇಕಾಗಿತ್ತೋ ಎಂಬ ಪ್ರಶ್ನೆ ನಮ್ಮ ಊರನ್ನು ಎರಡು ಪಂಗಡ ಮಾಡಿದೆ. ಎರಡೂ ಪಂಗಡದವರು ಸಂಗತಿಯನ್ನು ತಮಗೆ ಬೇಕಾದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಮುಂದೆ ಈ ಊರಿನ ಇತಿಹಾಸ ಬರೆಯುವವರಿಗೆ ತೊಂದರೆಯಾಗಬಾರದು ಎಂಬ ಹೊಣೆಯರಿತು, ಆ ದಿನ ಡಸ್ಟರು ಯಾರ ಕೈಯಲ್ಲಿತ್ತೋ ಆ ಮನುಷ್ಯನೇ, ಅಂದರೆ ನಾನೇ, ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಡಸ್ಟರು ಎಂದದ್ದು ರೂಢಿಯ ಮಾತು. ಅದು ನಮ್ಮ ಹೆಡ್‌ಮಾಸ್ತರ ಹಳೆಯ ಕಾಲುಚೀಲ.

ನಮ್ಮ ಊರಿನಲ್ಲಿ ಕರಿಹಲಗೆಯ ಮೇಲೆ ಬರೆದದ್ದು, ಎದುರಿಗಿದ್ದವರಿಗೆಲ್ಲ ತಿಳಿಯುವವರೆಗೆ ಅಳಿಸುವುದಿಲ್ಲ. ಒರೆಸುವವನೂ ಎದುರಿಗಿದ್ದವನೇ, ಅವನಿಗೂ ತಿಳಿದಿರಬೇಕು. ಒದ್ದೆ ಬಟ್ಟೆ, ಇಟ್ಟಿಗೆ ಚೂರು, ಮೇಲೊಂದು ಕೈ ಕರಿಬಣ್ಣ, ಯಾವುದೂ ನಡೆಯುವುದಿಲ್ಲ. ಬಣ್ಣ ಒಣಗುವ ಹೊತ್ತಿಗೆ ಅಕ್ಷರ ಮೇಲೆ ಬಂದಿರುತ್ತದೆ. ಖಾನಾವಳಿಯವನು 'ಇಂದು ಬದನೆಕಾಯಿ ಪಲ್ಯ' ಎಂದು ಬರೆದರೆ ಸಂಜೆ ಒಂದೇ ಕೈಗೆ ಹೋಗುತ್ತದೆ. ಪಂಚಾಯಿತಿ ಕಚೇರಿಯ ಗೋಡೆಯ ಕರಿಹಲಗೆಯ ಮೇಲೆ 'ಮನೆ ಹಂಚಿಕೆಗೆ ಅರ್ಹತೆಯ ಮಾನದಂಡಗಳು' ಎಂದು ಬರೆದು ಹದಿನಾಲ್ಕು ವರ್ಷವಾಯಿತು, ಅದರ ಕೆಳಗೆ ಕಟ್ಟಿದ ಆಡು ಮೂರು ತಲೆಮಾರು ಕಂಡಿದೆ, ಅಕ್ಷರಗಳು ಹಾಗೇ ಇವೆ. ಊರಿನ ಗಡಿಕಲ್ಲು ದಾಟಿದರೆ ಈ ತೊಂದರೆ ಇಲ್ಲ. ಅಲ್ಲಿ ತಿಳಿಯದಿದ್ದರೂ ಅಳಿಯುತ್ತದೆ, ಅದಕ್ಕೇ ಅಲ್ಲಿಯವರು ಬೇಗ ಬೇಗ ಮೇಲಿನ ಹುದ್ದೆಗೆ ಹೋಗುತ್ತಾರೆ.

ಶಾಲೆಯವರು ಇದಕ್ಕೆ ಬಹಳ ಹಿಂದೆಯೇ ಹೊಂದಿಕೊಂಡಿದ್ದರು. ಎಲ್ಲರಿಗೂ ಗೊತ್ತಿರುವುದನ್ನಷ್ಟೇ ಬೋರ್ಡಿನ ಮೇಲೆ ಬರೆಯುವುದು, ಗೊತ್ತಿಲ್ಲದ್ದನ್ನು ಬಾಯಲ್ಲಿ ಹೇಳಿ ಮುಗಿಸುವುದು. ನನಗಿಂತ ಮುಂಚೆ ಇದ್ದ ಗಣಿತದ ಮಾಸ್ತರು ಮೂವತ್ತೊಂದು ವರ್ಷ ದಿನವೂ ತಾರೀಖು, ವಾರ, ಹಾಜರಿ ಮತ್ತು ಎರಡರ ಮಗ್ಗಿ ಬರೆದು, ಒಮ್ಮೆಯೂ ಬೋರ್ಡು ಕೆಡಿಸದೆ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಶಾಲು ಹೊದಿಸಿ ಅವರ ಸರಳತೆಯನ್ನು ಕೊಂಡಾಡಿದರು.

ನಾನೂ ಹತ್ತೊಂಬತ್ತು ವರ್ಷ ಅದೇ ಹಾದಿಯಲ್ಲಿದ್ದೆ. ಆದರೆ ಈ ವರ್ಷ ಏಳನೆಯ ತರಗತಿಯ ಹೊಸ ಪುಸ್ತಕ ಬರಲಿಲ್ಲ. ಬರುತ್ತದೆ ಎಂಬ ಪತ್ರ ಬಂತು. ಹನ್ನೊಂದು ಮಕ್ಕಳಿಗೆ ನನ್ನ ಕೈಯಲ್ಲಿದ್ದ ಒಂದೇ ಪ್ರತಿ, ಅದರಲ್ಲೂ ಭಿನ್ನರಾಶಿಯ ಪಾಠದ ಅರ್ಧ ಪುಟ ಇಲಿ ತಿಂದಿತ್ತು. ಪುಸ್ತಕವಿಲ್ಲದ ಮೇಲೆ ಲೆಕ್ಕವನ್ನು ಎಲ್ಲಾದರೂ ಬರೆಯಲೇಬೇಕಲ್ಲ. ದಸರೆ ರಜೆ ಮುಗಿದ ಮರುದಿನ, ಹಿಂದೆ ಕೂತವರಿಗೂ ಕಾಣಲಿ ಎಂದು ದೊಡ್ಡ ಅಕ್ಷರದಲ್ಲಿ, ಬೋರ್ಡಿನ ತುಂಬ, ಮುಕ್ಕಾಲನ್ನು ಅರ್ಧದಿಂದ ಭಾಗಿಸುವ ಲೆಕ್ಕ ಬರೆದೆ. ಎರಡನೆಯದನ್ನು ತಲೆಕೆಳಗು ಮಾಡು, ಗುಣಿಸು, ಉತ್ತರ ಒಂದೂವರೆ. ತಿಳಿಯಿತೇ ಎಂದೆ. ಹತ್ತು ಮಂದಿ ತಿಳಿಯಿತು ಎಂದರು. ಹನ್ನೊಂದನೆಯವಳು ಎದ್ದು ನಿಂತಳು.

ಅವಳ ಹೆಸರು ಹುಲಿಗೆವ್ವ. ಅವಳ ಅಪ್ಪ ಯಂಕಪ್ಪನದು ಊರ ಅಂಚಿನಲ್ಲಿ ಚುರುಮುರಿ ಹುರಿಯುವ ಭಟ್ಟಿ. ಅವಳ ಮೈಮೇಲೆ ಯಾವಾಗಲೂ ಬಿಸಿ ಮರಳಿನ ವಾಸನೆ.

"ಹಂಚಿದ್ರ ಕಡಿಮಿ ಆಗಬೇಕಲ್ರಿ ಸರ," ಎಂದಳು. "ಮುಕ್ಕಾಲ ಇದ್ದದ್ದನ್ನ ಹಂಚೀವಿ. ಒಂದೂವರಿ ಆತು. ಹೆಚ್ಚಿಂದು ಎಲ್ಲಿಂದ ಬಂತ್ರಿ?"

"ನಿಯಮದಿಂದ ಬಂತವಾ."

"ಹಂಗ ಬರೂದಾದ್ರ ನಮ್ಮಪ್ಪ ಭಟ್ಟಿ ಯಾಕ ಹಚ್ಚತಿದ್ದ್ರಿ? ದಿನಾ ಹಂಚಕೋಂತ ಕುಂದರ್ತಿದ್ದ."

ಮಕ್ಕಳು ನಕ್ಕರು. ನಾನೂ ನಕ್ಕು, ಕಾಲುಚೀಲ ತೆಗೆದುಕೊಂಡು ಬೋರ್ಡು ಒರೆಸಿದೆ. ಏನೂ ಆಗಲಿಲ್ಲ. ಮುಕ್ಕಾಲು, ಅರ್ಧ, ಒಂದೂವರೆ, ಮೂರೂ ಕಲ್ಲಿನಲ್ಲಿ ಕೆತ್ತಿದಂತೆ ನಿಂತಿದ್ದವು.

ಇಲ್ಲಿ ಶಾಲೆಯ ಆಸ್ತಿಯ ಬಗ್ಗೆ ಹೇಳದಿದ್ದರೆ ಸಂಕಟ ತಿಳಿಯುವುದಿಲ್ಲ. ನಮ್ಮದು ಒಂದೇ ಹಾಲು. ಐದು, ಆರು, ಏಳು ಮೂರೂ ತರಗತಿಗಳು ಅದರಲ್ಲೇ, ಒಟ್ಟು ನಲವತ್ತಮೂರು ಮಕ್ಕಳು. ಗೋಡೆಯಲ್ಲಿ ಒಂದು ಚೌಕಕ್ಕೆ ಕರಿಬಣ್ಣ ಬಳಿದದ್ದೇ ಬೋರ್ಡು. ಲೆಕ್ಕ ನಿಂತ ಮೇಲೆ ಎಡಗಡೆ ಒಂದು ಗೇಣಿನ ಪಟ್ಟಿ ಉಳಿಯಿತು. ಅದರಲ್ಲಿ ಐದನೆಯವರ ಪದ್ಯವನ್ನು ಸಾಲಿಗೆ ಎರಡು ಪದದಂತೆ ಮೇಲಿನಿಂದ ಕೆಳಕ್ಕೆ ಬರೆದೆವು, ಮಕ್ಕಳು ಅದನ್ನು ಸಾಮಾನಿನ ಚೀಟಿ ಓದಿದಂತೆ ಓದಿದರು. ಆರನೆಯವರಿಗೆ ಬಾಗಿಲು ಕೊಟ್ಟೆವು. ಹಸಿರು ಬಾಗಿಲಿನ ಮೇಲೆ ನದಿಗಳ ಹೆಸರು. ಯಾರಾದರೂ ಬಾಗಿಲು ತೆರೆದರೆ ನದಿಗಳೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವು. ಸುಣ್ಣದ ಗೋಡೆಯ ಮೇಲೆ ಸೀಮೆಸುಣ್ಣ ಕಾಣುವುದಿಲ್ಲ, ಸಗಣಿ ಸಾರಿಸಿದ ನೆಲದ ಮೇಲೆ ಹತ್ತುವುದಿಲ್ಲ. ಮಾರ್ಚಿನಲ್ಲಿ ಏಳನೆಯವರಿಗೆ ಪರೀಕ್ಷೆ.

ನಮ್ಮ ಹೆಡ್‌ಮಾಸ್ತರು ಗುರುಶಾಂತಪ್ಪನವರು ಕೆಟ್ಟವರಲ್ಲ. ಮನೆಯಿಂದ ಕೊಡ ತಂದು ಮಕ್ಕಳಿಗೆ ನೀರಿಡುವವರು. ಆದರೆ ಯಾವ ತೊಂದರೆಗೂ ಒಬ್ಬ ಮನುಷ್ಯನ ಹೆಸರು ಸಿಕ್ಕಿದರೆ ಅವರಿಗೆ ಅರ್ಧ ತೊಂದರೆ ಕಳೆದಂತೆ. ಹುಲಿಗೆವ್ವ ತಾನೇ ಎದ್ದು ನಿಂತು ಹೆಸರು ಕೊಟ್ಟಿದ್ದಳು.

"ಒಂದ ಹುಡುಗಿ ಸಲುವಾಗಿ ನಲವತ್ತೆರಡು ಮಂದಿದು ನಿಂತತಿ, ಬಡಿಗೇರ ಮಾಸ್ತರ," ಎಂದರು ನನಗೆ. ಅವಳ ಕಡೆ ತಿರುಗಿ, ಜೋರು ಮಾಡದೆಯೇ, "ನೀ ಹೊರಗ ಕಟ್ಟಿಮ್ಯಾಲೆ ಕುಂದ್ರವಾ. ಕಿವಿ ಒಳಗಿರಲಿ. ತಿಳದ ದಿನ ಒಳಗ ಬರೀಯಂತ," ಎಂದರು.

ಅವಳು ಪಾಟಿ, ಚೀಲ ಎತ್ತಿಕೊಂಡು ಹೊರಗೆ ಹೋದಳು. ಹೆಡ್‌ಮಾಸ್ತರು ಗಂಭೀರವಾಗಿ ಕಾಲುಚೀಲ ಎತ್ತಿಕೊಂಡು ಒರೆಸಿದರು. ಅಳಿಸಲಿಲ್ಲ.

"ಇನ್ನೂ ಯಾರೋ ಅದಾರ," ಎಂದು ಹಿಂದಿನ ಸಾಲನ್ನು ಹೊರಗೆ ಕಳಿಸಿ ಒರೆಸಿದರು. ಅಳಿಸಲಿಲ್ಲ. ನಡುವಿನ ಸಾಲು. ಮುಂದಿನ ಸಾಲು. ಐದನೆಯವರಿಗೂ ಆರನೆಯವರಿಗೂ ಇದು ತಿಳಿಯಬೇಕಾದದ್ದೇ ಅಲ್ಲ ಎಂದು ಅವರನ್ನೂ ಕಳಿಸಿದರು. ಹಾಲಿನಲ್ಲಿ ನಾವಿಬ್ಬರೇ ಉಳಿದೆವು. ಒರೆಸಿದರು. ಅಳಿಸಲಿಲ್ಲ. ಅವರು ನನ್ನ ಮುಖ ನೋಡಿದರು. ಹತ್ತೊಂಬತ್ತು ವರ್ಷದ ಒಡನಾಟದಲ್ಲಿ ಅಂಥ ನೋಟ ನೋಡಿರಲಿಲ್ಲ. ನಾನು ಮರ್ಯಾದೆಯಿಂದ ಹೊರಗೆ ಹೋಗಿ ನಿಂತೆ.

ಒಳಗೆ ಉಜ್ಜುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ನಿಂತಿತು. ಮತ್ತೆ ಜೋರಾಗಿ ಕೇಳಿಸಿತು. ಆಮೇಲೆ ಅವರು ಹೊರಬಂದು, ಕಾಲುಚೀಲವನ್ನು ನನ್ನ ಕೈಗಿಟ್ಟರು. ನಾನು ಒಬ್ಬನೇ ಒಳಗೆ ಹೋದೆ. ಎರಡನೆಯದನ್ನು ತಲೆಕೆಳಗು ಮಾಡು, ಗುಣಿಸು ಎಂದು ಮಂತ್ರದಂತೆ ಹೇಳಿಕೊಂಡು ಒರೆಸಿದೆ. ಹತ್ತೊಂಬತ್ತು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ. ಯಾಕೆ ತಲೆಕೆಳಗು ಮಾಡಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬೋರ್ಡು ಕೇಳಿತು. ಹೊರಗೆ ಬಂದಾಗ ನನ್ನ ಬೆರಳುಗಳಿಗೆ ಒಂದು ಚೂರು ಸುಣ್ಣವೂ ಹತ್ತಿರಲಿಲ್ಲ.

ಇಬ್ಬರೂ ಎದುರಿನ ಬೇವಿನ ಮರವನ್ನು ನೋಡುತ್ತ ನಿಂತೆವು.

"ಬೋರ್ಡ ಕೆಟ್ಟತ್ರಿ," ಎಂದರು ಹೆಡ್‌ಮಾಸ್ತರು.

"ಹೌದ್ರಿ ಸರ," ಎಂದೆ ನಾನು. "ಭಾಳ ಹಳೇದು."

ಮಕ್ಕಳನ್ನೆಲ್ಲ ಒಳಗೆ ಕರೆದೆವು. ಹುಲಿಗೆವ್ವನನ್ನು ಮಾತ್ರ ಕರೆಯಲಾಗಲಿಲ್ಲ. ಅವಳನ್ನು ಕರೆದರೆ ತಪ್ಪು ಅವಳದಲ್ಲ ಎಂದಂತೆ, ಅವಳದಲ್ಲದಿದ್ದರೆ ಯಾರದು ಎಂದು ಯಾರಾದರೂ ಕೇಳುವಂತೆ. ಹೊರಗೆ ಕೂತವಳು ಹೊರಗೇ ಉಳಿದಳು. ಕಟ್ಟೆಯ ಮೇಲಿನಿಂದ, ಬಾಗಿಲು ಮುಚ್ಚಿದಾಗ ಅವಳಿಗೆ ನಾವ್ಯಾರೂ ಕಾಣುತ್ತಿರಲಿಲ್ಲ, ತೆರೆದಾಗ ನಮಗೆ ನದಿಗಳು ಕಾಣುತ್ತಿರಲಿಲ್ಲ.

ಹೊಸ ಬೋರ್ಡಿಗೆ ಅರ್ಜಿ ಹಾಕಿದೆವು. ತಾಲೂಕಿನ ಸರಬರಾಜು ಕಚೇರಿಯಿಂದ ಇಪ್ಪತ್ತು ದಿನಕ್ಕೆ ಉತ್ತರ ಬಂತು. ಈಗಿರುವ ಬೋರ್ಡಿನ ಮೇಲೆ ಬರಹ ಇರುವುದಾಗಿ ನೀವೇ ತಿಳಿಸಿದ್ದೀರಿ, ಬರಹ ಇದೆ ಎಂದರೆ ಬೋರ್ಡು ಬಳಕೆಯಲ್ಲಿದೆ ಎಂದಾಯಿತು, ಬಳಕೆಯಲ್ಲಿರುವಾಗ ಹೊಸದರ ಅವಶ್ಯಕತೆ ಕಂಡುಬರುವುದಿಲ್ಲ. ಬಳಕೆಯಲ್ಲಿ ಇಲ್ಲ ಎಂದು ಮತ್ತೆ ಬರೆದೆವು. ಬಳಸದೆ ಇಟ್ಟಿರುವುದಕ್ಕೆ ಕಾರಣ ಕೇಳಿ ಹೆಡ್‌ಮಾಸ್ತರಿಗೆ ನೋಟೀಸು ಬಂತು. ಅಳಿಸುವುದಿಲ್ಲ ಎಂದು ಬರೆದೆವು. ಅಳಿಸದಿರುವುದು ಬರಹದ ಗುಣವೋ ಬೋರ್ಡಿನ ದೋಷವೋ ಸ್ಪಷ್ಟಪಡಿಸಿ ಎಂದು ಕೇಳಿದರು. ಬೋರ್ಡಿನ ದೋಷ ಎಂದು ಹೆಡ್‌ಮಾಸ್ತರು ಬರೆದು, ನನ್ನ ಕಡೆ ನೋಡದೆ ಸಹಿ ಮಾಡಿದರು. ನಾನೂ ಅವರ ಕಡೆ ನೋಡದೆ ಮೊಹರು ಒತ್ತಿದೆ.

ಇದು ಫಲ ಕೊಟ್ಟಿತು. ದೋಷವನ್ನು ಕಣ್ಣಾರೆ ಪರಿಶೀಲಿಸಲು ಸರಬರಾಜು ಸಾಹೇಬರೇ ಗುರುವಾರ ಬರುತ್ತಾರೆ, ದೋಷ ಕಂಡರೆ ಸ್ಥಳದಲ್ಲೇ ಕೊಡಲು ಹೊಸ ಬೋರ್ಡನ್ನು ಜೊತೆಗೇ ತರುತ್ತಾರೆ ಎಂದು ಫೋನು ಬಂತು. ಮರದ ಬೋರ್ಡು, ಮೂರು ಕಾಲಿನ ಸ್ಟ್ಯಾಂಡು. ಅದನ್ನು ಕೇಳಿದಾಗ ಹೆಡ್‌ಮಾಸ್ತರ ಮುಖದಲ್ಲಿ ಒಂದು ಬೆಳಕು ಬಂತು.

"ಸ್ಟ್ಯಾಂಡಿಂದು, ಬಡಿಗೇರ ಮಾಸ್ತರ. ಎತ್ತಕೊಂಡು ಹೋಗೂವಂಥಾದ್ದು."

"ಎಲ್ಲಿಗ್ರಿ?"

"ಗಡಿಕಲ್ಲಿನ ಆಚೆಕ. ಇಲ್ಲಿಂದ ಎಷ್ಟು, ಎಂಟ ಹತ್ತ ನಿಮಿಷ. ಒರಸಕೊಂಡು ವಾಪಸ್ ಬಂದ್ರ ಆತು. ಆಮ್ಯಾಲೆ ಏನ ಬೇಕಾದ್ದು ಬರೀರಿ. ಯಾರಿಗೂ ತಿಳೀಬೇಕು ಅಂತೇನಿಲ್ಲ."

ಒಬ್ಬ ಹೆಡ್‌ಮಾಸ್ತರ ಬಾಯಲ್ಲಿ ಬರಬಾರದ ಮಾತು ಎಂದು ಆಮೇಲೆ ಅನಿಸಿತು. ಆ ಕ್ಷಣದಲ್ಲಿ ನನಗೂ ಕಣ್ಣಿಗೆ ಕಟ್ಟಿದ್ದು ಅದೇ, ಇಬ್ಬರು ಹುಡುಗರು ಬೋರ್ಡು ಹೊತ್ತುಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಿರುವುದು, ಬಿಸಿಲು, ಬೋರ್ಡು ಖಾಲಿ. ಎಷ್ಟು ಬೇಕಾದರೂ ಬರೆಯಬಹುದಾದಷ್ಟು ಖಾಲಿ.

ಗುರುವಾರ ಸಾಹೇಬರು ಬರಲಿಲ್ಲ. ಜೀಪು ರಿಪೇರಿಗೆ ಹೋಗಿದೆ ಎಂದರು. ಮುಂದಿನ ಮಂಗಳವಾರ ಎಂದರು, ಅಂದು ತಾಲೂಕಿನಲ್ಲಿ ಸಭೆ ಇತ್ತು. ಆಮೇಲೆ ಶುಕ್ರವಾರ ಎಂದರು. ಆ ಶುಕ್ರವಾರ ಮುಂಜಾನೆ ಶಾಲೆಗೆ ಬಂದದ್ದು ಯಂಕಪ್ಪ.

ಅವನು ಚಪ್ಪಲಿ ಹೊರಗೆ ಬಿಟ್ಟು, ಮಗಳು ಕೂತಿದ್ದ ಕಟ್ಟೆಯ ಹತ್ತಿರವೇ ನಿಂತು ಮಾತಾಡಿದ. "ಸಿಟ್ಟಿಗಿ ಬರಬ್ಯಾಡ್ರಿ ಸರ. ಎರಡ ತಿಂಗಳಾತು, ನಮ್ಮ ಹುಡುಗಿ ಹೊರಗ ಕುಂತು. ಹೊರಗ ಕುಂದ್ರೂದಕ್ಕ ಸಾಲಿ ಯಾಕ್ರಿ? ಹೊರಗ ನಮ್ಮನಿಯಾಗೂ ಐತಿ."

"ಇನ್ನೇನು ಒಂದ ನಾಕ ದಿನ, ಯಂಕಪ್ಪ. ಹೊಸ ಬೋರ್ಡ ಬರಾಕತ್ತೈತಿ."

"ಬೋರ್ಡ ಬಂದ್ರ ಆಕಿ ಒಳಗ ಬರ್ತಾಳೇನ್ರಿ?"

ಬರುತ್ತಾಳೆ ಎಂದೆ.

"ನೀವು ಹೇಳಿದ್ರ ಖರೇನ ಇರತೈತಿ," ಎಂದ, ನಂಬದವರು ಮರ್ಯಾದೆಗೆ ಹೇಳುವ ಧಾಟಿಯಲ್ಲಿ. "ನಾಳಿಗಿ ಶನಿವಾರ. ನಾಳಿನತನಕ ನೋಡ್ತೀನ್ರಿ. ಆಮ್ಯಾಲೆ ಐತವಾರದಿಂದ ಭಟ್ಟಿಗೆ ಹಾಕ್ತೀನಿ. ಅಕ್ಕಿ ನೆನಸಾಕ ಕೈ ಸಾಲವಲ್ವು. ಅಲ್ಲಿಯಾದ್ರ ಆಕಿನ್ನ ಯಾರೂ ತಿಳೀತಿಲ್ಲೋ ಅಂತ ಕೇಳಂಗಿಲ್ಲ."

ಹುಲಿಗೆವ್ವ ಅಪ್ಪನ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವನು ಹೋದ ಮೇಲೆ ಚೀಲದಿಂದ ಎರಡು ತಗಡಿನ ಅಳತೆ ತೆಗೆದು ಕಟ್ಟೆಯ ಮೇಲಿಟ್ಟಳು. ಒಂದು ಪಾವಿನದು, ಒಂದು ಅರ್ಧ ಸೇರಿನದು. ಜೊತೆಗೆ ಒಂದು ಗಂಟು ಚುರುಮುರಿ.

"ಸರ, ನನಗ ತಿಳೀತ್ರಿ."

ನಾನು ಹೆದರಿದೆ. ಒಬ್ಬ ಮಾಸ್ತರಿಗೆ ಈ ಮಾತು ಕೇಳಿ ಹೀಗಾಗಬಾರದು ಎಂದು ನನಗೂ ಗೊತ್ತು.

"ಏನ್ ತಿಳೀತು?"

"ಮುಕ್ಕಾಲು ಸೇರು ಅಂದ್ರ ಮೂರು ಪಾವು." ಪಾವಿನಿಂದ ಮೂರು ಸಲ ಅಳೆದು ಕಾಗದದ ಮೇಲೆ ಗುಪ್ಪೆ ಹಾಕಿದಳು. "ಈಗ ಇದನ್ನ ಅರ್ಧ ಸೇರಿಲೆ ಅಳೀತೀನ್ರಿ. ಇದು ಒಂದು." ಅಂಗೈಯಿಂದ ಅಂಚು ಸವರಿ, ಬೇರೆ ಕಡೆ ಸುರಿದಳು. "ಉಳದದ್ದು ಹಾಕಿದ್ರ ಅರ್ಧ ತುಂಬತೈತಿ. ಒಂದೂವರಿ. ಚುರುಮುರಿ ಹೆಚ್ಚಾಗಿಲ್ರಿ ಸರ, ಅದು ಅಷ್ಟ ಐತಿ. ಒಂದೂವರಿ ಸೇರಲ್ಲ ಅದು, ಒಂದೂವರಿ ಸಲ. ಅಳತಿ ಸಣ್ಣದಾತು, ಸಲ ಹೆಚ್ಚಾತು. ಅದರಾಗ ಇದು ಎಷ್ಟು ಸಲ ಹಿಡೀತೈತಿ ಅಂತ ಕೇಳ್ಯಾರ. ಹಂಚ ಅಂದಿಲ್ಲ. ನೀವ ಹಂಚ ಅಂದ್ರಿ."

ನಾನು ಗುಪ್ಪೆಯನ್ನು ನೋಡಿದೆ. ಅಳತೆಯನ್ನು ನೋಡಿದೆ. ಹತ್ತೊಂಬತ್ತು ವರ್ಷಗಳಿಂದ ತಲೆಕೆಳಗಾಗಿ ನಿಂತಿದ್ದದ್ದು ನೆಟ್ಟಗಾಗಿ ಕೂತಿತು. ಇಷ್ಟೆಯೇ ಎನಿಸಿತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬೋರ್ಡಿನ ಮೇಲಿನ ಲೆಕ್ಕ ಈಗ ನನಗೆ ಒರೆಸಿದರೆ ಹೋಗುವಂತೆ ಕಂಡಿತು. ಅದೇ ತೊಂದರೆ. ಕೈ ಹಿಂದೆ ಕಟ್ಟಿಕೊಂಡೆ.

ಅವಳನ್ನು ಕರೆದುಕೊಂಡು ಹಿಂದಿನ ಕಚೇರಿ ಕೋಣೆಗೆ, ಹೆಡ್‌ಮಾಸ್ತರ ಹತ್ತಿರ ಹೋದೆ. ಅವರು ಆಗಷ್ಟೇ ಫೋನು ಇಟ್ಟಿದ್ದರು. ಶುಕ್ರವಾರವೂ ಇಲ್ಲ, ಸಾಹೇಬರು ಸೋಮವಾರ ಬರುತ್ತಾರೆ. ಈ ಸಲ ಖಾತ್ರಿ, ಬೋರ್ಡನ್ನು ಜೀಪಿಗೆ ಹಾಕಿಯಾಗಿದೆ.

"ಈಕಿಗೆ ತಿಳದೈತ್ರಿ ಸರ," ಎಂದೆ.

ಅವರು ಕುರ್ಚಿಯಿಂದ ಅರ್ಧ ಎದ್ದರು. "ಯಾರ ಮುಂದಾದ್ರೂ ಹೇಳ್ಯಾಳೇನು?"

"ನನ್ನ ಮುಂದ."

"ನಿಮಗೂ ತಿಳೀತೇನು?"

"ತಿಳೀತ್ರಿ."

"ಎಂಥಾ ಹೊತ್ತಿನಾಗ ತಿಳಕೊಂಡ್ರಿ ಮಾಸ್ತರ," ಎಂದು ಹಣೆ ಹಿಡಿದುಕೊಂಡರು. ಆಮೇಲೆ ಹುಲಿಗೆವ್ವನನ್ನು ಹತ್ತಿರ ಕರೆದು, ಔಷಧ ಕುಡಿಸುವವರ ದನಿಯಲ್ಲಿ, "ನೋಡವಾ, ಶಾಣ್ಯಾಕಿ ನೀ. ಸೋಮವಾರತನಕ ತಿಳೀಲಾರದಂಗ ಇರ್ತೀಯೇನು? ಎರಡ ದಿನ," ಎಂದರು.

ಅವಳು ಬಹಳ ಹೊತ್ತು ಯೋಚಿಸಿದಳು. ನಿಜವಾಗಿಯೂ ಪ್ರಯತ್ನಿಸುತ್ತಿದ್ದಳು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ತಿಳದ ಮ್ಯಾಲೆ ಹೆಂಗ್ರಿ ಸರ?" ಎಂದಳು. "ತಿಳದ ದಿನ ಒಳಗ ಬಾ ಅಂದಿದ್ರಿ."

"ಒಳಗ ಬಂದ್ರ ನೀ ಬಾಯಿ ಬಿಡಾಕಿ. ಎಲ್ಲಾರಿಗೂ ತಿಳೀತೈತಿ. ಅಳಿಸಿ ಹೋಗತೈತಿ. ಸಾಹೇಬರಿಗೆ ಏನ್ ತೋರಸೂನು, ಖಾಲಿ ಗೋಡಿನಾ?"

ಅವಳನ್ನು ಕಟ್ಟೆಗೆ ಕಳಿಸಿದ ಮೇಲೆ ನಾನು ಯಂಕಪ್ಪನ ಮಾತು ಹೇಳಿದೆ. ಹೆಡ್‌ಮಾಸ್ತರು ಪೂರ್ತಿ ಕೇಳಿದರು. ಅವರಿಗೂ ಕಷ್ಟವಾಯಿತು. ಆದರೂ ಅವರ ಮಾತಿನಲ್ಲಿ ಹುರುಳಿತ್ತು, ಅದೇ ನನ್ನನ್ನು ರೇಗಿಸಿದ್ದು. ನಲವತ್ತಮೂರು ಮಕ್ಕಳು, ಇನ್ನು ಮೇಲೆ ಬರುವ ಮಕ್ಕಳು, ಎಲ್ಲರಿಗೂ ಒಂದು ಬೋರ್ಡು. ಇದನ್ನು ಕಳೆದುಕೊಂಡರೆ ಮತ್ತೆ ಹತ್ತು ವರ್ಷ ಸಿಗುವುದಿಲ್ಲ. ಯಂಕಪ್ಪನಿಗೆ ಎರಡು ದಿನ ತಡೆ ಎಂದು ಹೇಳಿದರೆ ಆಗದೇ?

ಸಂಜೆ ಭಟ್ಟಿಗೆ ಹೋದೆ. ಯಂಕಪ್ಪ ಬಾಣಲಿಯಲ್ಲಿ ಮರಳು ಕೆದಕುತ್ತ ನಿಂತಿದ್ದ, ಅಕ್ಕಿ ಪಟಪಟನೆ ಅರಳುತ್ತಿತ್ತು. ಸೋಮವಾರದವರೆಗೆ ತಡೆ ಎಂದೆ. ಅವನು ಜರಡಿ ಕೆಳಗಿಟ್ಟು ನನ್ನನ್ನು ನೋಡಿದ.

"ಯಾವ ಸೋಮವಾರ್ರಿ ಸರ?"

ಸಾಹೇಬರು ತಪ್ಪಿಸಿದ ಗುರುವಾರ, ಮಂಗಳವಾರ, ಶುಕ್ರವಾರಗಳು ಊರಿಗೆಲ್ಲ ಗೊತ್ತಿದ್ದವು. ನಾನು ಒಂದು ಹಿಡಿ ಬಿಸಿ ಚುರುಮುರಿ ತಿಂದು ಬಂದೆ. ಬೋರ್ಡು ಜೀಪಿನಲ್ಲಿ ಇದೆಯಂತೆ ಎಂಬುದು ಒಂದು ಕಡೆ. ಹುಡುಗಿ ಕಟ್ಟೆಯ ಮೇಲೆ ಇದ್ದಾಳೆ ಎಂಬುದು ಇನ್ನೊಂದು ಕಡೆ. ಒಂದು ಫೋನಿನಲ್ಲಿ ಬಂದ ಮಾತು, ಇನ್ನೊಂದನ್ನು ಎರಡು ತಿಂಗಳಿಂದ ಕಣ್ಣಿನಿಂದ ನೋಡುತ್ತಿದ್ದೆ.

ಶನಿವಾರ ಮುಂಜಾನೆಯ ಶಾಲೆ. ಪ್ರಾರ್ಥನೆ ಮುಗಿಯಿತು. ಮಕ್ಕಳು ಒಳಗೆ ಕೂತರು. ನಾನು ಬಾಗಿಲಿಗೆ ಹೋಗಿ, "ಹುಲಿಗೆವ್ವ, ಒಳಗ ಬಾ. ಅಳತಿ ತಗೊಂಡು ಬಾ," ಎಂದೆ.

ಅವಳು ಬಂದು ಬೋರ್ಡಿನ ಕೆಳಗೆ ಕೂತಳು. ಕಾಗದ ಹಾಸಿದಳು. ನಲವತ್ತೆರಡು ಮಂದಿ ಸುತ್ತ ಬಗ್ಗಿ ನಿಂತರು. ಮೂರು ಪಾವು ಸುರಿದಳು, ಅರ್ಧ ಸೇರಿನಿಂದ ಅಳೆದಳು, ಏನು ಹೆಚ್ಚಾಯಿತು ಏನು ಹೆಚ್ಚಾಗಲಿಲ್ಲ ಎಂದು ಹೇಳಿದಳು. ಎದುರಿಗಿದ್ದವರಿಗೆಲ್ಲ ತಿಳಿಯಬೇಕಲ್ಲ, ಐದನೆಯವರಿಗೂ ಆರನೆಯವರಿಗೂ ಸೇರಿಸಿಯೇ ಹೇಳಿದಳು. ಹಿಂದಿನ ಸಾಲಿನ ಮೈಲಾರಿ, ದಸರೆಯ ಮರುದಿನವೇ ತಿಳಿಯಿತು ಎಂದವನು, "ಹಂಗಾದ್ರ ಪಾವಿಲೆ ಅಳದ್ರ ಮೂರು ಸಲ ಆಗತೈತೇನ?" ಎಂದು ಕೇಳಿದ.

"ಹೌದಲೇ. ಮುಕ್ಕಾಲಿನೊಳಗ ಎಷ್ಟು ಕಾಲು? ಮೂರು."

"ಹತ್ತೇರಿ," ಎಂದ ಮೈಲಾರಿ. "ಇಷ್ಟ ಇತ್ತೇನು. ಮೊದಲ ಹೇಳಬಾರದೇನ?"

"ಹೊರಗಿದ್ನಲ್ಲೋ."

ನಾನು ಕಾಲುಚೀಲ ತೆಗೆದುಕೊಂಡೆ. ಬಲಗಡೆಯಿಂದ ಶುರುಮಾಡಿದೆ. ಒಂದೂವರೆ ಹೋಯಿತು. ಅರ್ಧ ಹೋಯಿತು. ಮಕ್ಕಳು ಉಸಿರು ಬಿಟ್ಟ ಸದ್ದು ಕೇಳಿಸಿತು. ಮುಕ್ಕಾಲಿನಲ್ಲಿ ಗೆರೆಯ ಮೇಲಿದ್ದ ಮೂರು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಇನ್ನೂ ಯಾರಿಗೋ ತಿಳಿದಿಲ್ಲ. ನಾನು ತಿರುಗಿ ನೋಡಿದೆ, ಎಲ್ಲರೂ ತಿರುಗಿ ನೋಡಿದರು.

ಬಾಗಿಲಲ್ಲಿ ಹೆಡ್‌ಮಾಸ್ತರು ನಿಂತಿದ್ದರು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು.

"ಸರ, ಕಣ್ಣು ತಗೀರಿ," ಎಂದಳು ಹುಲಿಗೆವ್ವ. "ಇನ್ನೊಮ್ಮೆ ಅಳದ ತೋರಸ್ತೀನಿ."

"ಬ್ಯಾಡವಾ. ನನಗ ತಿಳೀಬಾರದು. ಆ ಮೂರಾದ್ರೂ ಉಳೀಲಿ, ಸಾಹೇಬರಿಗೆ ತೋರಸಾಕ ಬೇಕು."

ಅವರು ಬಹಳ ಪ್ರಯತ್ನಪಟ್ಟರು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಕಣ್ಣು ಮುಚ್ಚಿದರೂ ಕಿವಿಗೆ ಬಾಗಿಲಿಲ್ಲ. ಹುಲಿಗೆವ್ವ ಅಳೆಯುವುದನ್ನು ಜೋರಾಗಿ ಎಣಿಸುತ್ತಿದ್ದಳು. ಪಾವು ಒಂದು, ಪಾವು ಎರಡು, ಪಾವು ಮೂರು. ಅರ್ಧ ಸೇರು ಒಂದು. ಆಮೇಲೆ ತಗಡಿನಲ್ಲಿ ಉಳಿದ ಚುರುಮುರಿ ಬಿದ್ದ ಸದ್ದು, ಅರ್ಧಕ್ಕೆ ನಿಂತ ಸದ್ದು. ಹೆಡ್‌ಮಾಸ್ತರ ಹುಬ್ಬು ಮೆಲ್ಲಗೆ ಮೇಲೆ ಹೋಯಿತು. ಮನಸ್ಸಿಲ್ಲದ ಮನಸ್ಸಿನಿಂದ, ಗಂಟಲಿನೊಳಗೇ, "ಹ್ಞೂಂ," ಎಂದರು.

ಮೂರು ಅಳಿಸಿಹೋಯಿತು. ಎರಡು ತಿಂಗಳ ನಂತರ ಬೋರ್ಡು ಮೂಲೆಯಿಂದ ಮೂಲೆಗೆ ಕಪ್ಪಗಿತ್ತು. ಹೆಡ್‌ಮಾಸ್ತರು ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಒಂದು ಹಿಡಿ ಚುರುಮುರಿ ತೆಗೆದುಕೊಂಡು ಹೋದರು. ಉಳಿದದ್ದನ್ನು ಮಕ್ಕಳು ತಿಂದರು. ಅದೇ ದಿನ ಇನ್ನೂ ನಾಲ್ಕು ಲೆಕ್ಕ ಬರೆದೆ, ನಾಲ್ಕನ್ನೂ ಒರೆಸಿದೆ. ಕೊನೆಯ ಲೆಕ್ಕಕ್ಕೆ ಸೀಮೆಸುಣ್ಣದ ಕೊನೆಯ ತುಂಡು ಬೆರಳ ತುದಿಯಲ್ಲಿ ಪುಡಿಯಾಗಿ ಮುಗಿಯಿತು. ಮಧ್ಯಾಹ್ನ ಯಂಕಪ್ಪ ಬಂದು, ಕಟ್ಟೆ ಖಾಲಿಯಿರುವುದನ್ನು ನೋಡಿ, ಒಳಗೆ ಇಣುಕಿ ಹೋದ.

ಸೋಮವಾರ ಸಾಹೇಬರು ಬಂದರು. ನಿಜವಾಗಿಯೂ ಬಂದರು, ಅದೂ ಹೇಳಿದ ಹೊತ್ತಿಗೆ ಸರಿಯಾಗಿ. ಜೀಪಿನ ಹಿಂದುಗಡೆ ಹೊಸ ಬೋರ್ಡು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದು, ಮೂರು ಕಾಲಿನ ಸ್ಟ್ಯಾಂಡಿನ ಸಮೇತ. ಮಕ್ಕಳು ಕಿಟಕಿಗೆ ಮುಗಿಬಿದ್ದರು. ಸಾಹೇಬರು ಸಣ್ಣ ಮೈಕಟ್ಟಿನ, ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಚಹಾ ಬೇಡ ಎಂದರು. ನೆಟ್ಟಗೆ ಬೋರ್ಡಿನ ಹತ್ತಿರ ಹೋಗಿ, ಬೆರಳಿನಿಂದ ಒಂದು ಗೆರೆ ಎಳೆದು, ಬೆರಳು ನೋಡಿಕೊಂಡರು.

"ಯಾವುದ್ರಿ ಅಳಸಲಾರದ್ದು?"

"ಮೊನ್ನಿತನಕ ಇತ್ತ್ರಿ ಸಾಹೇಬರ," ಎಂದರು ಹೆಡ್‌ಮಾಸ್ತರು.

"ಈಗ ಇಲ್ಲಲ್ರೀ."

"ಈಗ ಎಲ್ಲಾರಿಗೂ ತಿಳೀತ್ರಿ. ಅದಕ್ಕ ಹೋತು."

ಸಾಹೇಬರು ಗಡಿಕಲ್ಲಿನ ಆಚೆಯವರು. ಅವರು ಹೆಡ್‌ಮಾಸ್ತರನ್ನು, ವಯಸ್ಸಾದವರನ್ನು ನೋಡುವ ರೀತಿಯಲ್ಲಿ ನೋಡಿದರು. "ಹುಡುಗರಿಗೆ ತಿಳೀತು ಅಂದ್ರ ಬೋರ್ಡ ಚಲೋ ಐತಿ ಅಂತ ಆತಲ್ರಿ. ದೋಷ ಅಂತ ಯಾಕ ಬರದ್ರಿ?"

ಹೆಡ್‌ಮಾಸ್ತರು ನನ್ನ ಪಕ್ಕಕ್ಕೆ ಸರಿದು, ತುಟಿ ಅಲ್ಲಾಡಿಸದೆ, "ಮಾಸ್ತರ, ಏನಾರ ತಿಳೀಲಾರದ್ದು ಬರೀರಿ. ಲಗೂನ," ಎಂದರು.

ಅಂಥದು ನನಗೆ ಸಾಕಷ್ಟು ಗೊತ್ತಿತ್ತು. ಸರಬರಾಜು ಕಚೇರಿಯ ಮೊದಲನೆಯ ಪತ್ರದ ಮೊದಲನೆಯ ಸಾಲು ಬರೆದಿದ್ದರೆ ಸಾಹೇಬರು ಇದ್ದಷ್ಟು ಹೊತ್ತು, ಪ್ರಾಯಶಃ ನಾನು ಬದುಕಿರುವಷ್ಟು ಕಾಲ, ಅದು ನಿಲ್ಲುತ್ತಿತ್ತು. ಬರೆಯಲು ಸೀಮೆಸುಣ್ಣ ಇರಲಿಲ್ಲ. ಕಿಟಕಿಯ ಸಂದು, ಮೇಜಿನ ಖಾನೆ, ಬಾಗಿಲ ಹಿಂದೆ, ಎಲ್ಲೂ ಒಂದು ಚೂರು ಸಿಗಲಿಲ್ಲ.

"ಏನ್ ಹುಡುಕಾಕತ್ತೀರಿ?" ಎಂದರು ಸಾಹೇಬರು.

"ಚಾಕ್‌ಪೀಸ್ ಸಾಹೇಬರ. ನಿಮ್ಮ ಹತ್ರ ಅದಾವೇನ್ರಿ?"

"ಚಾಕ್‌ಪೀಸಿಗೆ ಬ್ಯಾರೆ ಅರ್ಜಿ ಹಾಕಬೇಕ್ರಿ. ಅದು ನನಗ ಬರಂಗಿಲ್ಲ." ಅವರು ಫೈಲು ತೆರೆದು, ನಿಂತುಕೊಂಡೇ 'ದೋಷ ಕಂಡುಬಂದಿಲ್ಲ' ಎಂದು ಬರೆದರು. ಬರೆದದ್ದನ್ನು ನಮಗೆ ಓದಿ ಹೇಳಿ, ಇಬ್ಬರ ಸಹಿ ತೆಗೆದುಕೊಂಡರು. ಹೋಗುವ ಮುಂಚೆ, ಮುಂದಿನ ಸಾಲಿನಲ್ಲಿ ಕೂತಿದ್ದ ಹುಲಿಗೆವ್ವನನ್ನು ಒಂದು ಪ್ರಶ್ನೆ ಕೇಳಬೇಕೆನಿಸಿತೇನೋ, "ಭಾಗಾಕಾರ ಬರತೈತೇನವಾ?" ಎಂದರು.

"ಬರತೈತ್ರಿ ಸಾಹೇಬರ. ನಿಮಗ ಬರತೈತೇನ್ರಿ?"

ಅವರು ಫೈಲು ಮುಚ್ಚಿ ಜೀಪು ಹತ್ತಿದರು. ಜೀಪು ಬೇವಿನ ಮರದ ಕೆಳಗೆ ತಿರುಗಿ ಹೊರಟಿತು. ಹಿಂದುಗಡೆ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೆಡ್‌ಮಾಸ್ತರು ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ, ನಾಲ್ಕನೆಯ ದಿನ ಸೀಮೆಸುಣ್ಣದ ಅರ್ಜಿ ಬರೆಯಲು ಕರೆದರು.

ಎರಡು ದಿನ ತಡೆದಿದ್ದರೆ ಊರಿಗೆ ಬೋರ್ಡು ಬರುತ್ತಿತ್ತು ಎನ್ನುವವರು ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಮಾರ್ಚಿನ ಪರೀಕ್ಷೆಗೆ ಹನ್ನೊಂದು ಮಂದಿಯೂ ಕೂತರು. ಒಂಬತ್ತು ಮಂದಿ ಪಾಸಾದರು, ಅದರಲ್ಲಿ ಹುಲಿಗೆವ್ವ ಒಬ್ಬಳು. ಹೊಸ ಬೋರ್ಡನ್ನು ಗಡಿಕಲ್ಲಿನ ಆಚೆಯ ಒಂದು ಶಾಲೆಗೆ ಕೊಟ್ಟರು. ನಮ್ಮಲ್ಲಿ ಮೂರು ತರಗತಿಗೆ ಬೋರ್ಡು ಒಂದೇ.